ತಡಿ ಎಂದವರು ಯಾರು

ಕಾಣದವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ ಮೊದಲು ಅವರ ಹಣೆ ಮುಟ್ಟಿ ಜ್ವರ ಇದೆಯೇ ನೋಡಬೇಕು ಎನ್ನುವವರ ಪೈಕಿ ನಾನು. ಧಾರವಾಡದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಹುಡುಗಿಯರು ದೀಪ ಸಣ್ಣದು ಮಾಡಿ ದೆವ್ವದ ಕಥೆ ಶುರು ಮಾಡಿದರೆ, ನಡುವೆ ಪ್ರಶ್ನೆ ಕೇಳಿ ಕಥೆ ಕೆಡಿಸುತ್ತಿದ್ದವಳು ನಾನೇ. ಹಾಗಿದ್ದವಳು ಈಗ ಹೇಳಹೊರಟದ್ದನ್ನು ನಂಬಿರೆಂದು ಓದುಗರನ್ನು ಒತ್ತಾಯಿಸುವ ಹಕ್ಕು ನನಗಿಲ್ಲ. ನಂಬದೆಯೂ ಕೇಳಬಹುದು ಎಂದಷ್ಟೇ ವಿನಂತಿ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಾನು ಎಷ್ಟೋ ವರ್ಷಗಳಿಂದ ದಿನಚರಿ ಬರೆಯುತ್ತೇನೆ. ಅದರಿಂದ ಕಲಿತ ಪಾಠವೆಂದರೆ ನನ್ನ ನೆನಪನ್ನು ನಾನೇ ನಂಬಬಾರದು. ಊಟ ಸೇರದೆ ಅತ್ತೆನೆಂದು ಇಂದು ಖಚಿತವಾಗಿ ನೆನಪಿರುವ ದಿನದ ಪುಟ ತೆಗೆದರೆ, ಅಲ್ಲಿ ಬದನೆಕಾಯಿ ಪಲ್ಯ ಚೆನ್ನಾಗಿತ್ತೆಂದು ಬರೆದಿರುತ್ತದೆ. ಈಗ ಹೇಳುವ ದಿನದ ಪುಟದಲ್ಲಂತೂ ಏನೂ ಇಲ್ಲ. "ಬಿಸಿಲು. ಚಕ್ಕಡಿ ಸಿಕ್ಕಿತು. ಸಂಜೆಗೆ ಮೊದಲು ಮುಟ್ಟಿದೆವು." ಅಷ್ಟೇ. ನಡೆದದ್ದನ್ನು ಬರೆಯಲು ಅಂದು ನನಗೆ ಧೈರ್ಯವಿರಲಿಲ್ಲವೋ, ಬರೆಯುವಂಥದ್ದು ಏನೂ ನಡೆದಿರಲೇ ಇಲ್ಲವೋ, ಈಗ ಹೇಗೆ ಹೇಳಲಿ?

ನನ್ನ ಊರು ಬೆಲ್ಲದ ಬಾಗೇವಾಡಿ. ಮನೆಯಲ್ಲಿ ಹೊಲವೂ ಇತ್ತು, ಬೆಲ್ಲದ ವ್ಯಾಪಾರವೂ ಇತ್ತು. ಅಪ್ಪ ಬೇಗ ಹೋದರು. ಹೆಣ್ಣುಮಗಳು ಬಿ.ಎ. ಮುಗಿಸಲಿ ಎಂದು ಹಟ ಹಿಡಿದವನು ಅಣ್ಣ. ಓದು ಮುಗಿದ ಮೇಲೆ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಹುಡುಗಿಯರು ಶಾಲೆಗೆ ಬರುವುದೇ ಒಂದು ಹಬ್ಬದಂತಿತ್ತು. ಎರಡನೆಯ ವರ್ಷ ಬೆನ್ನು ನೋಯತೊಡಗಿತು. ಕುರ್ಚಿ ಸರಿಯಿಲ್ಲ ಎಂದುಕೊಂಡೆ. ಬೇವಿನೆಣ್ಣೆ ಹಚ್ಚಿಸಿಕೊಂಡೆ. ಕೊನೆಗೆ ಒಂದು ದಿನ ಹಲಗೆಯ ಮೇಲೆ ಬರೆಯಲು ಎತ್ತಿದ ಕೈ ಕೆಳಗಿಳಿಸಲಾಗದೆ ನಿಂತುಬಿಟ್ಟೆ. ಬೆನ್ನೆಲುಬಿಗೆ ಕ್ಷಯ ಎಂದರು.

ಧುಪದಾಳದಿಂದ ಮುಂದೆ, ಗೋಕಾಕದ ದಾರಿ ಬಿಟ್ಟು ಒಳಗೆ, ಮಿಶನ್ನಿನವರದೊಂದು ಚಿಕ್ಕ ದವಾಖಾನೆ ಇತ್ತು. ಅಲ್ಲಿ ಹೆಂಗಸರ ವಾರ್ಡಿನಲ್ಲಿ ನನ್ನನ್ನು ಮಲಗಿಸಿದರು. ಕುತ್ತಿಗೆಯಿಂದ ಸೊಂಟದವರೆಗೆ ಪ್ಲಾಸ್ಟರ್. ವಾರ್ಡಿನಲ್ಲಿ ಅದಕ್ಕೆ ಸುಣ್ಣದ ಅಂಗಿ ಎನ್ನುತ್ತಿದ್ದೆವು. ಅದರೊಳಗೆ ಮಲಗಿದವರಿಗೆ ಮೇಲಿನ ತೊಲೆ ಬಿಟ್ಟರೆ ಲೋಕವಿಲ್ಲ. ಪಕ್ಕದ ಮಂಚದವರ ಮುಖ ಕೂಡ ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ.

ನನ್ನ ಎಡಗಡೆಯ ಮಂಚದ ದನಿ ಮರಿಯವ್ವನದು. ಮೂಡಲಗಿಯವಳು, ಕ್ರಿಸ್ತಾಂವರಾಕೆ. ನನ್ನ ಅವ್ವನ ವಯಸ್ಸು. ಟೊಂಕದ ಕೀಲಿಗೆ ರೋಗ ಹತ್ತಿ, ಹೊರಗೆ ಒಡೆದ ಗಾಯ ವರ್ಷಗಳಾದರೂ ಮಾಯ್ದಿರಲಿಲ್ಲ. ಅವಳ ಮಂಚ ನನ್ನದಕ್ಕಿಂತ ತುಸು ತಗ್ಗು. ಹೀಗಾಗಿ ಅವಳ ದನಿ ಯಾವಾಗಲೂ ಎಡಕ್ಕೆ, ಕೆಳಗಿನಿಂದ ಬರುತ್ತಿತ್ತು. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಅವ್ವ ಮೊದಲ ಸಲ ಬುತ್ತಿ ಕಟ್ಟಿಕೊಂಡು ಬಂದಾಗ ಪಕ್ಕದ ಮಂಚ ನೋಡಿ ಸೆರಗು ಸರಿ ಮಾಡಿಕೊಂಡು, ನನ್ನ ಕಿವಿಯಲ್ಲಿ, "ಈಕಿ ಯಾರ ಪೈಕಿ? ಬ್ಯಾರೆ ಮಂಚಾ ಕೇಳೂನೇನು?" ಎಂದಳು. ಅವ್ವನ ಪಿಸುಮಾತು ಯಾವಾಗಲೂ ಮೂರು ಮನೆಗೆ ಕೇಳುವಂಥದ್ದು.

"ಅಂಜಬ್ಯಾಡ್ರಿ ಅವ್ವಾರ," ಎಂದಿತು ಕೆಳಗಿನ ದನಿ. "ಎದ್ದು ಬಂದು ನಿಮ್ಮ ಬುತ್ತಿ ಮುಟ್ಟಾಕ ನನಗ ಕಾಲ ಎಲ್ಲಿ ಅದಾವು?"

ಅವ್ವನಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸಲ ಬಂದಾಗ ಶೇಂಗಾ ಹಿಂಡಿಯನ್ನು ಎರಡು ಡಬ್ಬಿಗಳಲ್ಲಿ ತಂದಳು. "ಖಾರ ಜಾಸ್ತಿ ಆಗೈತಿ, ನೋಡಿ ತಿನ್ನು," ಎಂದು ಒಂದನ್ನು ಮರಿಯವ್ವನ ತಲೆಗಡೆ ಇಟ್ಟಳು. ಬೇರೆ ಮಂಚದ ಮಾತು ಮತ್ತೆ ಬರಲಿಲ್ಲ.

ದಿನಾ ಬೆಳಿಗ್ಗೆ ಮರಿಯವ್ವನ ಗಾಯ ತೊಳೆದು ಕಟ್ಟುತ್ತಿದ್ದ ಸಿಸ್ಟರ್ ಕೊಲ್ಹಾಪುರದ ಕಡೆಯವರು. ಒಳ್ಳೆಯ ಕೈ. ಆದರೆ ಅವರ ಕನ್ನಡ ಸಂತೆಯಲ್ಲಿ ಕಲಿತ ಕನ್ನಡ. ಚಿಮಟ ಗಾಯದೊಳಗೆ ಹೋದ ಕೂಡಲೆ ಮರಿಯವ್ವ "ತಡಿ… ತಡಿ…" ಎನ್ನುವಳು. ಸಿಸ್ಟರ್ ಕೈ ತೆಗೆದು ನಿಲ್ಲುವರು. ಆಮೇಲೆ ಮರಿಯವ್ವ ಸಿಟ್ಟಿಗೇಳುವಳು.

"ಯಾಕ ನಿಂತ್ರಿ ಬಾಯಿ? ಲಗೂನ ಮುಗಸ್ರಿ!"

"ಅಗ ಬಾಯಿ, ನೀನ ತಡಿ ಅಂತಿ. ನಾನು ತಡದೆ!"

"ನಿಮಗ ಅಂದಿಲ್ರಿ ನಾ."

"ಮತ್ತ ಯಾರಿಗೆ? ಇಲ್ಲಿ ಯಾರು ಅದಾರು?"

ಚಿಮಟ ಮತ್ತೆ ಒಳಗೆ. ಮತ್ತೆ "ತಡಿ". ಸಿಸ್ಟರ್ ಮತ್ತೆ ನಿಲ್ಲುವರು. ಬೇಗ ಮುಗಿಯಬೇಕಾದ ಕೆಲಸ ಹೀಗೆ ದಿನಾ ಎರಡು ಪಟ್ಟಾಗುತ್ತಿತ್ತು. ಬಾಯಿ ಮಾತ್ರ ನನ್ನ ಸ್ವಾಧೀನದಲ್ಲಿತ್ತಾದ್ದರಿಂದ ನಾನು ನಡುವೆ ಬಾಯಿ ಹಾಕಿ, ಸಿಸ್ಟರ್‌ಗೆ ಪಾಠ ಹೇಳಿದೆ: ನಮ್ಮಲ್ಲಿ ತಡಿ ಎಂದರೆ ನಿಲ್ಲು ಅಂತಲೂ ಆಗುತ್ತದೆ, ಸಹಿಸಿಕೋ ಅಂತಲೂ ಆಗುತ್ತದೆ. ಅವರು ಚಿಮಟ ಹಿಡಿದುಕೊಂಡೇ ಕೇಳಿ, "ಒಂದ ಮಾತಿಗೆ ಎರಡ ಅರ್ಥ ಇಟ್ಟಕೊಂಡ್ರ ನಾವು ಗಾಯಾ ಕಟ್ಟೂದು ಹ್ಯಾಂಗ?" ಎಂದರು.

ಒಂದು ಮಧ್ಯಾಹ್ನ ಮರಿಯವ್ವನನ್ನೇ ಕೇಳಿದೆ. "ಖರೇನ ಹೇಳ ಮರಿಯವ್ವ, ತಡಿ ಅಂತ ಯಾರಿಗೆ ಅಂತಿ? ನೋವಿಗೇನು?"

"ನೋವು ಏನ ನನ್ನ ಮಾತು ಕೇಳತೈತೇನ್ರಿ ಅಕ್ಕಾರ?"

"ಮತ್ತ?"

"ಅದು ನನ್ನ ಮಾತಲ್ರಿ. ಅಂವ ಅಂತಾನ. ನನ್ನ ಕಿವಿ ಸ್ವಲ್ಪ ಮಂದ. ಜಾರಿ ಹೋದೀತಂತ ಬಾಯಾಗ ಹಿಡಕೋತೇನಿ."

ಅಂವ ಎಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ವಾರ್ಡಿನ ಆಚೆ ಹೆಂಚು ಹೊದಿಸಿದ ಪ್ರಾರ್ಥನೆಯ ಕೋಣೆ ಇತ್ತು. ಅವಳು ಯೇಸುವಿನ ಜೊತೆ ಮಾತಾಡುತ್ತಿದ್ದುದು, ತಡವಾಗಿ ಮನೆಗೆ ಬಂದ ಗಂಡನ ಜೊತೆ ಮಾತಾಡುವ ಧಾಟಿಯಲ್ಲಿ. "ಬಂದ್ಯಾ? ಎಲ್ಲಿದ್ದಿ ಇಷ್ಟೊತ್ತು?" ಎಂದೆಲ್ಲ ಶುರುವಾಗುತ್ತಿತ್ತು.

"ತಡಿ ಅಂದು ಮತ್ತೇನಂತಾನ?"

"ಅಷ್ಟ. ಆರಾಮ ಮಾಡ್ತೇನಿ ಅಂತ ಒಮ್ಮಿನೂ ಅಂದಿಲ್ಲ. ಮಾತಿನ್ಯಾಗ ಭಾಳ ಕಂಜೂಸ ಅದಾನ," ಎಂದು ನಾಲಿಗೆ ಲೊಚ್ ಎನ್ನಿಸಿದಳು. ಬೇಸರವಾದಾಗಲೂ ಪ್ರೀತಿ ಬಂದಾಗಲೂ ಅವಳು ಮಾಡುತ್ತಿದ್ದ ಸದ್ದು ಅದೊಂದೇ.

ಅವಳ ಕಥೆ ತುಂಡು ತುಂಡಾಗಿ ತಿಳಿಯಿತು. ಗಂಡ ಚಕ್ಕಡಿಯಲ್ಲಿ ತಂದು ಮಲಗಿಸಿ, "ಸಂತಿ ಮುಗಿಸಿ ಬರ್ತೇನಿ" ಎಂದು ಹೋದವನು. ಮೂಡಲಗಿಯಲ್ಲಿ ಆಮೇಲೆ ಎಷ್ಟೋ ಸಂತೆಗಳಾದವು. ಅವಳು ಆಗಿನ್ನೂ ಕ್ರಿಸ್ತಾಂವಳಾಗಿರಲಿಲ್ಲ. ಇದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದಳಂತೆ. ಯಾಕ ನನ್ನ ಕೈಬಿಟ್ಟಿ ಎಂದು ತೊಲೆ ನೋಡುತ್ತ ಕೇಳುತ್ತಿದ್ದಳಂತೆ. ಒಂದು ಭಾನುವಾರ ಪಾದ್ರಿಯವರ ಹೆಂಡತಿ ವಾರ್ಡಿಗೆ ಬಂದು, ಮರಕ್ಕೆ ಮೊಳೆ ಹೊಡೆಸಿಕೊಂಡವನೊಬ್ಬ ಸಾಯುವ ಮುಂಚೆ ಇದೇ ಮಾತನ್ನು ಕೂಗಿ ಕೇಳಿದನೆಂದೂ, ಮೇಲಿನಿಂದ ಯಾರೂ ಉತ್ತರ ಕೊಡಲಿಲ್ಲವೆಂದೂ ಹೇಳಿದರು. ಆಕೆ ಮುಂದೆ ಹೇಳಿದ್ದು ಮರಿಯವ್ವನ ಕಿವಿಗೆ ಬೀಳಲಿಲ್ಲ. "ನನಗೂ ಉತ್ತರ ಬಂದಿರಲಿಲ್ರಿ. ಉತ್ತರ ಬರದವರು ಇಬ್ಬರು ಆದಿವಿ. ಅಂವ ನಮ್ಮಂವ ಅನಸ್ತು," ಎಂದಳು.

ಆಗ ನಾನು ಏನು ಅಂದುಕೊಂಡೆ ಎಂಬುದು, ಮಲಗಿದಲ್ಲೇ ಪುಸ್ತಕ ಎತ್ತಿ ಹಿಡಿದು ಬರೆದ ದಿನಚರಿಯಲ್ಲಿದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತೇನೆ. ಒಂಟಿತನ ಮನಸ್ಸಿಗೆ ಒಬ್ಬ ಜೊತೆಗಾರನನ್ನು ಕಟ್ಟಿಕೊಡುತ್ತದೆ ಎಂದು ಬರೆದಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನನಗೂ ಜಗಳಾಡಲು ಒಬ್ಬರಿದ್ದರೆ ಚೆನ್ನಾಗಿತ್ತು ಎಂದೂ ಬರೆದಿದ್ದೆ.

ಸುಣ್ಣದ ಅಂಗಿ ಕಳಚಿದಾಗ ನನ್ನ ಕಾಲುಗಳನ್ನು ನಾನೇ ಗುರುತಿಸಲಿಲ್ಲ. ನಡೆಯುವುದನ್ನು ಮತ್ತೆ ಕಲಿತೆ. ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದುಕೊಂಡು ಹುಕ್ಕೇರಿಯ ಶಾಲೆಗೆ ಮರಳಿದೆ. ಅಷ್ಟರಲ್ಲಿ, ಮದುವೆ ಗೊತ್ತುಮಾಡಿ, ಕಾಯುತ್ತೇವೆ ಎಂದಿದ್ದ ಗಂಡಿನ ಕಡೆಯವರು ಬೇರೆ ಕಡೆ ನೋಡಿಕೊಂಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗಿಯರು ನನ್ನ ಕುರ್ಚಿಗೆ ಹೊಲಿಸಿ ತಂದ ಹತ್ತಿಯ ದಿಂಬು ಬಹಳ ದಿನ ನನ್ನ ಬಳಿ ಇತ್ತು. ನೋವು ಇದ್ದೇ ಇತ್ತು, ಆದರೆ ಬದುಕೂ ಇತ್ತು. ಕೆಲವು ವರ್ಷ ಹೀಗೆ ಕಳೆದವು.

ಆಮೇಲೆ ಅದು ತಿರುಗಿ ಬಂತು. ಶ್ರಾವಣ ಕಳೆದಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಮತ್ತೆ ಮಲಗಬೇಕು, ಈ ಸಲ ಹೆಚ್ಚು ದಿನ ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಆಗಲಿ ಎಂದೆ. ಒಳಗೆ ಮಾತ್ರ ಬೇರೆ ನಿರ್ಧಾರವಾಗಿತ್ತು. ಸಾವಿನ ಭಯಕ್ಕಿಂತ ಆ ತೊಲೆಯ ಭಯ ದೊಡ್ಡದಾಗಿತ್ತು. ಮತ್ತೆ ಆ ಅಂಗಿ ತೊಡಲಾರೆ, ಏನಾದರೂ ಸರಿ. "ಏನಾದರೂ" ಎಂದರೆ ಏನು ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ.

ಹೊರಟ ದಿನ ಬಸ್ಸು ನಮ್ಮನ್ನು ಧುಪದಾಳದ ಹತ್ತಿರ ಇಳಿಸಿತು. ಅಲ್ಲಿಂದ ದವಾಖಾನೆಗೆ ಚಕ್ಕಡಿ ಮಾಡಬೇಕು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಬಿಸಿಲು ಮಾತ್ರ ಆಗಲೇ ಏರಿತ್ತು. ಅಣ್ಣ ನನ್ನನ್ನು ಒಡ್ಡಿನ ಬಳಿ, ಹುಣಸೆಮರದ ನೆರಳಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ಕೂಡಿಸಿ, "ಇಲ್ಲೇ ಇರು ತಂಗಿ, ಚಕ್ಕಡಿ ನೋಡಿಕೊಂಡು ಬರ್ತೇನಿ," ಎಂದು ಹೋದ. ಹೊಳೆ ತುಂಬಿತ್ತು. ಒಡ್ಡಿನ ಮೇಲಿಂದ ಇಡೀ ಅಗಲಕ್ಕೆ ನೀರು ಬೀಳುತ್ತಿತ್ತು. ಆ ಸದ್ದಿನ ಹತ್ತಿರ ನಿಂತರೆ ಪಕ್ಕದವರ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ಅಲ್ಲಿಗೆ ಹೋದವರಿಗೆಲ್ಲ ಇದು ಗೊತ್ತು.

ಕಟ್ಟೆಯ ಮುಂದೆ ನೀರಿಗೆ ಇಳಿಯುವ ಮೆಟ್ಟಿಲುಗಳಿದ್ದವು. ನಾನು ಎದ್ದೆ.

ಯಾಕೆ ಎದ್ದೆ? ಇಲ್ಲಿ ನಾನು ಬಹಳ ಎಚ್ಚರದಿಂದ ಬರೆಯಬೇಕು. ಮುಖ ತೊಳೆಯಲು ಎಂದು ಅವ್ವನಿಗೆ ಹೇಳಿದ್ದೇನೆ. ನೀರು ನೋಡಲು ಎಂದು ಗೆಳತಿಗೆ ಹೇಳಿದ್ದೇನೆ. ಮೂರನೆಯ ಉತ್ತರವೊಂದಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಓದುಗರಿಗೆ ಅದು ಆಗಲೇ ತಿಳಿದಿರುತ್ತದೆ. ಮೂರರಲ್ಲಿ ಯಾವುದು ನಿಜವೆಂದು ಪ್ರಮಾಣ ಮಾಡೆಂದರೆ ಇಂದಿಗೂ ನನ್ನಿಂದಾಗದು. ಮೂರೂ ಕೂಡಿಯೇ ಎದ್ದಿರಬಹುದು. ಮೊದಲ ಮೆಟ್ಟಿಲು ಇಳಿದದ್ದು ಮಾತ್ರ ನಿಜ. ಕಲ್ಲು ಪಾದಕ್ಕೆ ತಣ್ಣಗೆ ಹತ್ತಿತ್ತು.

"ತಡಿ."

ಎಡಗಡೆಯಿಂದ. ಕೆಳಗಿನಿಂದ. ನಾನು ನಿಂತಿದ್ದೆ, ಆದರೆ ದನಿ ಬಂದದ್ದು ಮಲಗಿದವಳಿಗೆ ಪಕ್ಕದ ಮಂಚದಿಂದ ಬರುವ ಹಾಗೆ. ಕೂಗಿದ್ದಲ್ಲ, ನೀರಿನ ಸದ್ದನ್ನು ಮೀರುವ ಪ್ರಯತ್ನವೇ ಆ ದನಿಯಲ್ಲಿರಲಿಲ್ಲ. ಆಮೇಲೆ ನಾಲಿಗೆಯ ಆ ಲೊಚ್ ಎನ್ನುವ ಸದ್ದು.

ನನ್ನಂಥ ಬೆನ್ನಿನವರು ಹೊರಳಿ ನೋಡಲಾರರು. ಇಡೀ ಮೈಯನ್ನು, ಪಾದ ಸರಿಸಿ ಸರಿಸಿ, ಬಾಗಿಲು ತಿರುಗಿಸಿದಂತೆ ತಿರುಗಿಸಬೇಕು. ಹಾಗೆ ತಿರುಗಿದೆ. ಎಡಕ್ಕೆ ಕಲ್ಲಿನ ಗೋಡೆ. ಅದರ ಮೇಲೆ ಯಾರೋ ಒಣಹಾಕಿದ ಧೋತರ. ಅದರಾಚೆ ಹೊಳೆ. ಮತ್ತೇನೂ ಇರಲಿಲ್ಲ.

ಅಷ್ಟು ತಿರುಗಿದ್ದಕ್ಕೆ ಬೆನ್ನಿನಲ್ಲಿ ನೋವು ಎದ್ದು ಬಂತು. ಆ ನೋವು ಹೋಯಿತು, ಹಗುರಾಯಿತು ಎಂದು ನಾನು ಹೇಳುವುದಿಲ್ಲ. ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ತುಂಬಿದ ಹಂಡೆಯನ್ನು ಒಬ್ಬಳೇ ಎಳೆಯುತ್ತಿರುವಾಗ ಯಾರೋ ಬಂದು ಆ ಕಡೆಯ ಕಿವಿ ಹಿಡಿದರೆ ಹೇಗಾಗುತ್ತದೆ? ಹಂಡೆಯ ಭಾರ ಅಷ್ಟೇ ಇರುತ್ತದೆ. ಹಾಗಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕಟ್ಟೆಗೆ ಮರಳಿ ಕುಳಿತೆ. ಮಕ್ಕಳಿಗೆ ನಾನೇ ಪಾಠದಲ್ಲಿ ಹೇಳುತ್ತಿದ್ದ ಇನ್ನೊಂದು ಅರ್ಥ ಆಗ ನೆನಪಾಯಿತು: ತಡಿ ಎಂದರೆ ದಂಡೆ. ನಾನು ಕುಳಿತದ್ದು ಹೊಳೆಯ ತಡಿಯಲ್ಲಿ. ಅಂಥ ಹೊತ್ತಿನಲ್ಲಿ ಶಬ್ದಾರ್ಥ ನೆನಪಾದದ್ದಕ್ಕೆ ನಗು ಬಂತು. ಆ ಇಡೀ ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು ಎಂದು ನೆನಪು.

ಅಣ್ಣ ಓಡುತ್ತ ಬಂದ. ಧೋತರದ ಚುಂಗು ಕೈಯಲ್ಲಿತ್ತು, ಏದುಸಿರು.

"ಏನಾತು? ಯಾಕ ತಡಿ ಅಂದಿ?"

ಅವನ ಹಿಂದೆ, ಮೇಲೆ ರಸ್ತೆಯ ತಿರುವಿನಲ್ಲಿ, ಚಕ್ಕಡಿ ನಿಂತಿತ್ತು.

"ನಾ ಅಂದಿಲ್ಲಲ್ಲೋ ಅಣ್ಣಾ," ಎಂದೆ.

"ಅಂದಿಲ್ಲೇನು? ಇಬ್ಬರೂ ಕೇಳಿದಿವಿ. ಇಳಕಲಿನ್ಯಾಗ ಚಕ್ಕಡಿ ನಿಲ್ಲಿಸಿ ಓಡಿ ಬಂದೇನಿ!"

ಚಕ್ಕಡಿಯವನು ಮೇಲಿನಿಂದಲೇ ಸಾಕ್ಷಿ ಹೇಳಿದ. ಅವನ ಮಾತು ನೀರಿನ ಸದ್ದಿನಲ್ಲಿ ನಮಗೆ ಕೇಳಲಿಲ್ಲ. ಹತ್ತಿರ ಹೋದ ಮೇಲೆ ಮತ್ತೆ ಹೇಳಿದ. "ತಡಿ ಅಂದ್ರಲ್ರಿ ಅಕ್ಕಾರ. ನಾನೂ ಕೇಳಿದೆ. ನನ್ನ ಎತ್ತ ಸುದ್ದಾ ನಿಂತ್ವು. ಹಿಂಗ ಹೇಳಿದ ಮಾತು ಕೇಳೂ ಎತ್ತಲ್ರಿ ಇವು."

ಅಣ್ಣ ನನ್ನ ಮುಖವನ್ನೂ, ಮೆಟ್ಟಿಲ ಮೇಲೆ ಬಿಟ್ಟು ಬಂದಿದ್ದ ನನ್ನ ಚಪ್ಪಲಿಗಳನ್ನೂ ನೋಡಿದ. ಚಪ್ಪಲಿ ತಂದು, ಬಗ್ಗಿ, ತಾನೇ ನನ್ನ ಕಾಲಿಗೆ ತೊಡಿಸಿದ. ಅಣ್ಣನಾದವನು ತಂಗಿಯ ಕಾಲಿಗೆ ಬಗ್ಗುವುದು ನಮ್ಮ ಮನೆಯಲ್ಲಿ ಇರಲಿಲ್ಲ.

"ಮನಿಗೆ ಹೊಳ್ಳಿ ಹೋಗೂನೇನು?" ಎಂದ.

"ಬ್ಯಾಡ. ದವಾಖಾನಿಗೆ ನಡಿ," ಎಂದೆ.

ಹೀಗೆ ನಾನು ಎರಡನೆಯ ಸಲ ಸುಣ್ಣದ ಅಂಗಿ ತೊಟ್ಟೆ. ಅದು ಸುಲಭವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅತ್ತ ದಿನಗಳುಂಟು, ಸಿಸ್ಟರನ್ನು ಬೈದ ದಿನಗಳುಂಟು, ತೊಲೆಯನ್ನು ಬೈದ ದಿನಗಳೂ ಉಂಟು. ಆದರೆ ಜಗಳಾಡಲು ಈಗ ನನಗೂ ಒಬ್ಬನಿದ್ದ. ಮೊದಮೊದಲು ನಾಚಿಕೊಂಡು, ಆಮೇಲೆ ನಾಚಿಕೆ ಬಿಟ್ಟು, ಅವನ ಜೊತೆ ಮಾತಾಡತೊಡಗಿದೆ. ಭಾನುವಾರ ಮಂಚವನ್ನು ಪಡಸಾಲೆಗೆ ತಳ್ಳಿಸಿಕೊಂಡು ಪ್ರಾರ್ಥನೆ ಕೇಳಿದೆ. ನಂಬಿಕೆ ನನಗೆ ಸಿಡಿಲಿನಂತೆ ಬರಲಿಲ್ಲ. ಕಾಲಿಗೆ ಬಲ ಬಂದ ಹಾಗೆ ಬಂತು. ನಿನ್ನೆ ಇರಲಿಲ್ಲ, ಇಂದು ಇದೆ ಎಂದು ಹೇಳಬಹುದಾದ ದಿನ ಯಾವುದೂ ಇಲ್ಲ. ಕೆಲವು ವರ್ಷಗಳ ನಂತರ ಅದೇ ಪ್ರಾರ್ಥನೆಯ ಕೋಣೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಅದಕ್ಕೂ ಮೊದಲು ಊರಿಗೆ ಹೋಗಿ ಅವ್ವನ ಮುಂದೆ ಕುಳಿತು ಹೇಳಿದೆ. "ಬೆನ್ನು ನಿಂದು, ತಡಕೊಂಡಾಕಿ ನೀನು. ಯಾರ ಹೆಸರಿಲೆ ತಡಕೊಂಡಿ ಅನ್ನೂದನ್ನ ನಾ ಹ್ಯಾಂಗ ಬ್ಯಾಡ ಅನ್ನಲಿ?" ಎಂದಳು. ಹುಟ್ಟಿದಾಗ ನನಗೆ ಕಟ್ಟಿದ್ದ ಲಿಂಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ತನ್ನ ವಿಭೂತಿಯ ಪೆಟ್ಟಿಗೆಯಲ್ಲಿಟ್ಟಳು. ಇರುವ ತನಕ ಅದಕ್ಕೂ ಪೂಜೆ ಮಾಡಿದಳು. ನಾನು ಸಹಿಸುವುದನ್ನು ಮರಿಯವ್ವನಿಂದ ಮಾತ್ರ ಕಲಿತೆ ಎಂದರೆ ಅರ್ಧ ಸತ್ಯವಾಗುತ್ತದೆ.

ಎರಡನೆಯ ಸಲ ಹೋದಾಗ ವಾರ್ಡಿನಲ್ಲಿ ಮರಿಯವ್ವ ಇರಲಿಲ್ಲ. ಗಾಯ ಕೊನೆಗೂ ಮಾಯ್ದು, ಕೋಲು ಹಿಡಿದು ಊರಿಗೆ ಹೋಗಿದ್ದಾಳೆ ಎಂದರು. ಇದನ್ನು ಓದುವವರು, ಒಡ್ಡಿನ ಬಳಿ ನನಗೆ ದನಿ ಕೇಳಿದ ಹೊತ್ತಿಗೆ ಆಕೆ ತೀರಿಕೊಂಡಿರಬೇಕು ಎಂದು ಊಹಿಸುತ್ತಿರಬಹುದು. ನಾನೂ ಹಾಗೇ ಊಹಿಸಿದ್ದೆ. ಸುಣ್ಣದೊಳಗೆ ಮಲಗಿ ಆಕೆಗಾಗಿ ಗುಟ್ಟಾಗಿ ದುಃಖಪಟ್ಟೂ ಇದ್ದೆ. ನಡೆಯುವ ಹಾಗಾದ ಮೇಲೆ ಬಸ್ಸು ಹಿಡಿದು ಮೂಡಲಗಿಗೆ ಹೋದೆ. ಮರಿಯವ್ವ ಮನೆಯ ಮುಂದೆ ಕುಳಿತು ಒಂದು ಆಡಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ನನ್ನನ್ನು ಮುಖದಿಂದ ಅವಳು ಗುರುತಿಸಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ, ಅಕ್ಕಪಕ್ಕ ಅಷ್ಟು ದಿನ ಮಲಗಿದ್ದರೂ ನಾವು ಮುಖ ನೋಡಿಕೊಂಡದ್ದು ಕಡಿಮೆ. ಮಾತಾಡಿದ ಕೂಡಲೆ, "ಯವ್ವಾ, ಸಾಲಿ ಅಕ್ಕಾರ!" ಎಂದು ಕೈ ಹಿಡಿದುಕೊಂಡಳು. ಚಹಾ ಕಾಯಿಸಿದಳು. ಅವ್ವನ ಹಿಂಡಿಯ ಡಬ್ಬಿ ಅವಳ ಒಲೆಯ ಬಾಜೂ ಗೂಡಿನಲ್ಲಿತ್ತು. ಅದರಲ್ಲಿ ಉಪ್ಪು ಇಟ್ಟಿದ್ದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಆ ದಿನ ಆ ಹೊತ್ತಿನಲ್ಲಿ ನೀನು ಏನು ಮಾಡುತ್ತಿದ್ದೆ, ನನ್ನ ನೆನಪಾಗಿತ್ತೇ, ಪ್ರಾರ್ಥನೆ ಮಾಡುತ್ತಿದ್ದೆಯಾ ಎಂದು ಪೋಲೀಸರಂತೆ ಕೇಳಿದೆ.

"ಅದನ್ನೆಲ್ಲಾ ಯಾರ ನೆನಪಿಡ್ತಾರ್ರಿ? ಈ ಆಡು ಹುಡುಕಾಕ ಹೋಗಿರಬೇಕು. ತಡಿ ಅಂತ ಅಂದಿದ್ರ ಇದಕ್ಕ ಅಂದಿರಬೇಕು."

"ದನಿ ಮಾತ್ರ ನಿಂದ ಮರಿಯವ್ವ. ನಾಲಿಗಿ ಲೊಚ್ ಅನಿಸಿದ್ದೂ ನಿಂದ."

ಅವಳಿಗೆ ಸಿಟ್ಟು ಬಂದದ್ದನ್ನು ನೋಡಿದೆ; ನನ್ನ ಮೇಲಲ್ಲ.

"ನಿಮ್ಮ ಕಡೆ ಬರಾಕ ಅಂವಗ ಬ್ಯಾರೆ ದನಿ ಸಿಕ್ಕಿಲ್ಲ, ಅದಕ ನಂದ ಒಯ್ದಾನ. ಒಯ್ಯಲಿ ಬಿಡ್ರಿ. ಆದ್ರ ಒಂದ ಮಾತು ಕೇಳಿ ಒಯ್ಯಬಾರದೇನು? ನಮ್ಮ ಓಣ್ಯಾಗ ಒಂದ ಸೇರು ಕಾಳು ಕಡಾ ಒಯ್ಯಬೇಕಾದ್ರೂ ಕೇಳಿ ಒಯ್ತಾರ!" ಎಂದು, ಲೊಚ್ ಎನ್ನಿಸಿ, ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

ಅಷ್ಟೇ. ಆ ವಿಷಯದಲ್ಲಿ ಅವಳು ಹೇಳಿದ್ದು ಅಷ್ಟೇ. ಮೆಟ್ಟಿಲು ಯಾಕೆ ಇಳಿದಿರಿ ಎಂದು ಕೇಳಲಿಲ್ಲ. ನಾನು ಹೊರಟಾಗ ಮಾತ್ರ ಬಸ್ಸಿನ ತನಕ ಕೋಲೂರಿಕೊಂಡು ಬಂದಳು, ಬಸ್ಸು ಹೊರಡುವ ತನಕ ಕಿಟಕಿಯ ಸರಳಿನ ಮೇಲೆ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಇಷ್ಟು ವರ್ಷ ನಾನು ಎಲ್ಲ ರೀತಿಯಿಂದ ಯೋಚಿಸಿದ್ದೇನೆ. ತಡಿ ಎಂದವಳು ನಾನೇ ಇರಬಹುದು. ಕಿವಿಗೆ ಬಿದ್ದದ್ದನ್ನು ಮರಿಯವ್ವ ಬಾಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದಂತೆ ನನ್ನ ಬಾಯಿಯೂ ಆಡಿರಬಹುದು, ನನಗೇ ತಿಳಿಯದೆ. ಆದರೆ ಅಷ್ಟು ದೂರ ಕೇಳುವಷ್ಟು ಉಸಿರು ಆಗ ನನ್ನ ಎದೆಯಲ್ಲಿರಲಿಲ್ಲ. ಆ ಸದ್ದಿನಲ್ಲಿ ಅದು ರಸ್ತೆಯ ತನಕ ಮುಟ್ಟಿದ್ದು ಹೇಗೆ? ಅಣ್ಣನನ್ನು ಮೊನ್ನೆ ಕೇಳಿದೆ. "ನೀ ತಡಿ ಅಂದಿದ್ದಿಯೇನು ಆವತ್ತು? ಎತ್ತು ಉಚ್ಚಿ ಹೊಯ್ಯಾಕ ನಿಂತಿದ್ದು ಅಂತ ನೆನಪು ನನಗ," ಎಂದ. ಚಕ್ಕಡಿಯವನ ಹೆಸರು ನಮಗಾರಿಗೂ ಗೊತ್ತಿಲ್ಲ. ದಿನಚರಿ ಏನೂ ಹೇಳುವುದಿಲ್ಲ. ಆ ನೆನಪಿಗೆ ಇಂದು ನಾನೊಬ್ಬಳೇ ಸಾಕ್ಷಿ, ಮತ್ತು ನನ್ನ ಸಾಕ್ಷ್ಯದ ಬಗ್ಗೆ ನನ್ನ ಅಭಿಪ್ರಾಯವೇನೆಂದು ಮೊದಲೇ ಹೇಳಿದ್ದೇನೆ. ಹೀಗಾಗಿ ವಿವರಣೆ ನನ್ನಲ್ಲಿಲ್ಲ. ಅದು ಇಲ್ಲವೆಂದು ಕೃತಜ್ಞತೆ ಕಡಿಮೆಯಾಗಿಲ್ಲ. ಯಾರಿಗೆ ಎಂದು ಗೊತ್ತಿದೆ. ಹೇಗೆ ಎಂದು ಗೊತ್ತಿಲ್ಲ.

ಬೆನ್ನು ಈಗಲೂ ನೋಯುತ್ತದೆ, ಬೆಳಗಿನ ಹೊತ್ತು ಹೆಚ್ಚು. ರಜೆಯಲ್ಲಿ ಊರಿಗೆ ಹೋದರೆ ವೈನಿ, ಅಂದರೆ ಅಣ್ಣನ ಹೆಂಡತಿ, ನಾನು ಏಳುವ ಮೊದಲೇ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಬರುತ್ತಾಳೆ. ಮೊನ್ನೆ ಹಾಗೆ ಬಂದು ಗಂಟನ್ನು ಬೆನ್ನಿಗೆ ಒತ್ತಿದಾಗ ನನ್ನ ಬಾಯಿಂದ ತಾನೇ ಬಂತು.

"ತಡಿ…"

ವೈನಿ ಕೈ ತೆಗೆದು ನಿಂತಳು. ಕಿಟಕಿಯಾಚೆ ಎತ್ತಿನ ಗಂಟೆ, ಯಾರದ್ದೋ ಕೊಡದ ಸದ್ದು. ಮರಿಯವ್ವನ ಹಾಗೆ ನಾನೂ, ಬಾಯಲ್ಲಿದ್ದ ಮಾತು ಜಾರಿಹೋದೀತು ಎಂದು ಹಿಡಿದುಕೊಂಡಿದ್ದೆ. ಗಂಟು ಅವಳ ಕೈಯನ್ನು ಸುಡುತ್ತಿರಬೇಕು. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದಳು.

"ತಡದೇನಿ ತಗೋರಿ," ಎಂದಳು. "ಆದ್ರ ಎಷ್ಟೊತ್ತ ತಡೀಬೇಕ್ರಿ?"